ಹೋಗಿಬರ್ತೀನಿ ಅಂದಮೇಲೆ

ನನಗೆ ಬೇರೆಯವರ ಮನೆಗೆ ಹೋಗುವುದು ಚೆನ್ನಾಗಿ ಬರುತ್ತದೆ. ಅಲ್ಲಿಂದ ಹೊರಡುವುದು ಬರುವುದಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ನಮ್ಮ ಯಜಮಾನರು ಹೇಳುತ್ತಾರೆ, ಅವರು ಹೇಳುವಾಗ ಉಪ್ಪುಖಾರ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಹಾಗೆ ನೋಡಿದರೆ ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಒಬ್ಬರ ಮನೆಗೆ ಹೋಗಿ, ಕಾಫಿ ಕುಡಿದು, ಲೋಟ ಕೆಳಗಿಟ್ಟು ಎದ್ದು ನಡೆದುಬಿಡುವುದಕ್ಕೆ ನಾವೇನು ಕರೆಂಟ್ ಮೀಟರ್ ನೋಡಲು ಬಂದವರೇ? ಹೊರಡುವುದಕ್ಕೂ ಒಂದು ಕ್ರಮವಿದೆ. ಮೊದಲು ಕುರ್ಚಿಯಲ್ಲಿ ಕುಳಿತೇ ‘ಸರಿ ಹಾಗಾದ್ರೆ’ ಎನ್ನಬೇಕು. ಮನೆಯವರು ‘ಅದೇನ್ ಅವಸರ, ಕೂತ್ಕೊಳ್ಳಿ’ ಎನ್ನಬೇಕು. ಕೂತುಕೊಳ್ಳಬೇಕು. ಮತ್ತೆ ಎದ್ದಾಗ ಮನೆಯಾಕೆ ‘ತಾಳಿ, ಕುಂಕುಮ ತರ್ತೀನಿ’ ಎಂದು ಒಳಗೆ ಹೋಗುತ್ತಾಳೆ, ಕುಂಕುಮದ ಜೊತೆಗೆ ಒಂದು ಬಾಳೆಹಣ್ಣು, ಒಂದು ರವಿಕೆ ಕಣ, ಅದರ ಜೊತೆಗೆ ಆ ರವಿಕೆ ಕಣ ಕೊಟ್ಟ ನಾದಿನಿಯ ಕಥೆಯೂ ಬರುತ್ತದೆ. ಚಪ್ಪಲಿ ಹಾಕಿಕೊಳ್ಳುವಾಗ, ಅಷ್ಟು ಹೊತ್ತು ಕುಳಿತಿದ್ದರೂ ನೆನಪಿಗೆ ಬಾರದ ಮುಖ್ಯ ವಿಷಯವೊಂದು ನೆನಪಿಗೆ ಬರುತ್ತದೆ. ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಯಾರ ಮಂಡಿನೋವು ಯಾವ ಎಣ್ಣೆಗೆ ಬಗ್ಗಿತು, ಯಾರು ಯಾರ ಜೊತೆ ಮಾತು ಬಿಟ್ಟರು, ಇವೆಲ್ಲ ಗೇಟಿನ ಹತ್ತಿರವೇ ಗೊತ್ತಾಗುವುದು. ಒಳಗೆ ಸೋಫಾದ ಮೇಲೆ ನಾವು ಆಡುವುದೆಲ್ಲ ಬಿಸಿಲು ಮಳೆಯ ಮಾತು. ಗೇಟಿನ ಮೇಲೆ ಕೈ ಇಟ್ಟುಕೊಂಡು ಆಡುವುದೇ ನಿಜವಾದ ಮಾತು.

ಈ ಸತ್ಯ ನಮ್ಮ ಯಜಮಾನರಿಗೆ ಅರ್ಥವಾಗುವುದಿಲ್ಲ. ಅವರ ಹೆಸರು ನಾಗರಾಜು. ಮೈಸೂರಿನ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಸೈರನ್ ಕೂಗಿದರೆ ಒಳಗೆ, ಸೈರನ್ ಕೂಗಿದರೆ ಹೊರಗೆ, ಇಷ್ಟೇ ಅವರಿಗೆ ಗೊತ್ತಿರುವ ಬಂದುಹೋಗುವ ಕ್ರಮ. ಯಾರ ಮನೆಗೆ ಹೋದರೂ ನಾನು ಮೊದಲನೆಯ ‘ಸರಿ’ ಎನ್ನುವಷ್ಟರಲ್ಲಿ ಅವರು ಹೊರಗೆ ಹೋಗಿ ಸ್ಕೂಟರ್ ಹತ್ತಿ ಕುಳಿತಿರುತ್ತಾರೆ. ಆಮೇಲೆ ಹಾರ್ನ್ ಶುರುವಾಗುತ್ತದೆ. ಅವರ ಹಾರ್ನಿಗೆ ಒಂದು ವ್ಯಾಕರಣವೇ ಇದೆ. ಚಿಕ್ಕದಾಗಿ ‘ಪೀಂ’ ಎಂದರೆ ‘ನಾನು ಇಲ್ಲಿದ್ದೇನೆ’ ಎಂದರ್ಥ. ಜೋಡಿಯಾಗಿ ‘ಪೀಂ ಪೀಂ’ ಎಂದರೆ ‘ನಿನಗೆ ಮನೆಮಠ ಇಲ್ಲವಾ’ ಎಂದು. ಉದ್ದಕ್ಕೆ ‘ಪೀಂ…’ ಎಂದು ಎಳೆದರೆ, ಆ ರಾತ್ರಿ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಖಂಡಿತ ಮಾತು ಬರುತ್ತದೆ. ನಮ್ಮ ನೆಂಟರ ಮನೆಗಳಲ್ಲಿ ಚಿಕ್ಕ ಮಕ್ಕಳೂ ಈ ಹಾರ್ನನ್ನು ಗುರುತು ಹಿಡಿದು, ‘ಪದ್ಮಕ್ಕನ ಮನೆಯವರಿಗೆ ಕೋಪ ಬಂತು’ ಎಂದು ಕುಣಿಯುತ್ತವೆ.

ಒಂದು ಸಲ ವಿಷಯ ಹಾರ್ನನ್ನೂ ಮೀರಿತು. ಮಂಡಿ ಮೊಹಲ್ಲಾದಲ್ಲಿ ಯಜಮಾನರ ಚಿಕ್ಕವ್ವನ ಮನೆಯಿದೆ. ಮುಂದೆ ಬೆಲ್ಲದ ಮಂಡಿ, ಹಿಂದೆ ಮನೆ, ನಡುವೆ ಒಂದು ಕಬ್ಬಿಣದ ಗೇಟು. ಆ ಗೇಟಿನ ಹತ್ತಿರ ನಿಂತು ಚಿಕ್ಕವ್ವನೂ ನಾನೂ ಮಾತಾಡುತ್ತಿದ್ದಾಗ ಇವರು ಸ್ಕೂಟರ್ ಸ್ಟಾರ್ಟ್ ಮಾಡಿದರು. ಹಿಂದೆ ಯಾರೋ ತಗುಲಿದ ಹಾಗಾಯಿತಂತೆ, ನಾನೇ ಕುಳಿತೆ ಎಂದುಕೊಂಡು ಹೊರಟರು. ತಗುಲಿದ್ದು ಬೆಲ್ಲದ ಮೂಟೆ ಹೊತ್ತ ಯಾರೋ ಹಮಾಲಿ. ದಾರಿಯುದ್ದಕ್ಕೂ ನನ್ನನ್ನು ಬೈದುಕೊಂಡು ಹೋಗಿದ್ದಾರೆ. ನಾನು ಒಂದು ಮಾತೂ ಎದುರಾಡದೆ ಇರುವುದನ್ನು ಕಂಡು, ಕೊನೆಗೂ ಇವಳಿಗೆ ಬುದ್ಧಿ ಬಂತು ಎಂದು ಸಂತೋಷಪಟ್ಟಿದ್ದಾರೆ. ಆ ಸಂತೋಷ ಹಿನಕಲ್ ಸಿಗ್ನಲ್ಲಿನವರೆಗೆ ಇತ್ತು. ಅಲ್ಲಿ ತಿರುಗಿ ನೋಡಿದರೆ ಸೀಟು ಖಾಲಿ. ಬೆವರಿಳಿಸಿಕೊಂಡು ಅಷ್ಟು ದೂರವನ್ನೂ ವಾಪಸ್ ಬಂದರೆ ನಾನು ಅದೇ ಗೇಟಿನ ಹತ್ತಿರ ನಿಂತು, “ಅಯ್ಯೋ, ಹೊರಟೇಬುಟ್ಟಿದ್ರಾ?” ಎಂದೆನಂತೆ. ಹಾಗೆ ಕೇಳಿದ್ದು ಹಾರ್ನಿಗಿಂತ ಕೆಟ್ಟದಾಯಿತು ಎಂದು ಅವರು ಇವತ್ತಿಗೂ ಹೇಳುತ್ತಾರೆ.

ಇಂಥ ನಮಗೆ ಜಪಾನಿಗೆ ಹೋಗುವ ಯೋಗ ಬಂತು. ಅವರ ಕಾರ್ಖಾನೆಯ ಯಂತ್ರಗಳನ್ನು ಮಾಡುವವರು ಜಪಾನಿನ ಯಾವುದೋ ಬೆಟ್ಟದ ನಡುವಿನ ಪುಟ್ಟ ಊರಿನವರು. ಹೊಸ ಯಂತ್ರದ ಕೆಲಸ ಕಲಿಯಲು ಇವರನ್ನು ಅಲ್ಲಿಗೆ ಕಳಿಸಿದರು. ಕೊನೆಯ ವಾರಕ್ಕೆ ನಾನೂ ನಮ್ಮ ಖರ್ಚಿನಲ್ಲಿ ಹೋಗಿ ಸೇರಿಕೊಳ್ಳುವುದು, ಆಮೇಲೆ ಇಬ್ಬರೂ ಒಟ್ಟಿಗೆ ವಾಪಸ್ ಬರುವುದು ಎಂದಾಯಿತು. ಅವರು ಹೊರಡುವುದಕ್ಕೆ ಮುಂಚೆಯೇ ನಾನು ನನ್ನ ಸೂಟ್‌ಕೇಸಿನಲ್ಲಿ ಚಕ್ಕುಲಿ ಡಬ್ಬಿಗೆ ಜಾಗ ಹುಡುಕುತ್ತಿದ್ದಾಗ ಯಜಮಾನರು ಮುಂದೆ ಬಂದು ಕುಳಿತು ಷರತ್ತು ಹಾಕಿದರು.

“ನೋಡು ಪದ್ಮಾ, ಅದು ಚಿಕ್ಕವ್ವನ ಮನೆಯಲ್ಲ. ಅಲ್ಲಿ ಬಸ್ಸು ಯಾರಿಗೂ ಕಾಯಲ್ಲ. ನಿನ್ನ ಬೀಳ್ಕೊಡುಗೆಯಿಂದ ಅಲ್ಲಿ ಒಂದೇ ಒಂದು ಬಸ್ಸೋ ರೈಲೋ ತಪ್ಪಿದ್ರೆ, ಇನ್ಮೇಲೆ ನಾನು ಯಾರ ಮನೆಗೂ ನಿನ್ನ ಕರ್ಕೊಂಡೋಗಲ್ಲ. ಮದುವೆ ಮುಂಜಿ ಎಲ್ಲ ನಾನೊಬ್ಬನೇ ಮುಗಿಸ್ಕೊಂಡ್ ಬಂದ್ಬುಡ್ತೀನಿ.”

“ತಪ್ಪದೇ ಇದ್ರೆ?” ಎಂದೆ.

ಅವರು ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. ಸ್ವಲ್ಪ ಯೋಚಿಸಿ, “ತಪ್ಪದೇ ಇದ್ರೆ ನಾನು ಜನ್ಮದಲ್ಲಿ ಹಾರ್ನ್ ಒತ್ತಲ್ಲ” ಎಂದರು. ಆಗಲಾರದ ಕೆಲಸಕ್ಕೆ ಯಾರು ಎಷ್ಟು ಬೇಕಾದರೂ ಮಾತು ಕೊಡುತ್ತಾರೆ, ಅವರೂ ಕೊಟ್ಟರು.

ನಾನು ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಗೇಟಿನ ಮಾತಿಲ್ಲದ ಬಾಳು ನನಗೆ ಬೇಡ. ಆದ್ದರಿಂದ ಹೊರಡುವುದನ್ನು ಜಪಾನಿಯವರ ಭಾಷೆಯಲ್ಲೇ, ಚುಟುಕಾಗಿ, ಅಚ್ಚುಕಟ್ಟಾಗಿ ಹೇಳುವುದು ಹೇಗೆಂದು ಮೊಬೈಲಿನಲ್ಲಿ ಪಾಠ ನೋಡತೊಡಗಿದೆ. ಅಲ್ಲಿ ಸಿಕ್ಕಿತು ನೋಡಿ ನನಗೆ ಒಂದು ನಿಧಿ. ಜಪಾನಿಯವರು ಮನೆಯಿಂದ ಹೊರಗೆ ಹೋಗುವಾಗ ‘ಇತ್ತೆಕಿಮಾಸು’ ಎನ್ನುತ್ತಾರಂತೆ. ‘ಇತ್ತೆ’ ಎಂದರೆ ಹೋಗಿ, ‘ಕಿಮಾಸು’ ಎಂದರೆ ಬರ್ತೀನಿ. ಮನೆಯಲ್ಲಿ ಇರುವವರು ಅದಕ್ಕೆ ‘ಇತ್ತೆರಾಶ್ಶಾಯ್’, ಹೋಗಿ ಬನ್ನಿ, ಎನ್ನುತ್ತಾರಂತೆ. ಮಾಡುತ್ತಿದ್ದ ಕೆಲಸ ಬಿಟ್ಟು ನಾನು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿಬಂದೆ. ನಮ್ಮದೇ ಮಾತು! ಇಂಗ್ಲಿಷಿನವರು ಬೈ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮ ಅಜ್ಜಿಯ ಮುಂದೆ ಯಾರಾದರೂ ಬಾಯಿ ತಪ್ಪಿ ‘ಹೋಗ್ತೀನಿ’ ಎಂದುಬಿಟ್ಟರೆ, ಆಕೆ ಅವರನ್ನು ವಾಪಸ್ ಕೂರಿಸಿ, ನೀರು ಕುಡಿಸಿ, ‘ಹೋಗಿಬರ್ತೀನಿ’ ಎಂದು ಹೇಳಿಸಿಯೇ ಕಳಿಸುತ್ತಿದ್ದಳು. ಅಷ್ಟು ದೂರದ ಬೆಟ್ಟದ ಊರಿನಲ್ಲೂ ಅದೇ ಅಜ್ಜಿಯರು ಇದ್ದಾರೆ ಎಂದು ನನಗೆ ಹೇಳತೀರದ ಸಂತೋಷವಾಯಿತು. ಯಜಮಾನರಿಗೆ ಫೋನ್ ಮಾಡಿ ಹೇಳಿದರೆ, ಆಗಲೇ ಜಪಾನಿನಲ್ಲಿದ್ದ ಅವರು, “ಹೌದಾ? ಇಲ್ಲಿ ಕೆಲಸಕ್ಕೆ ಬೇಕಾದ್ದು ಹಾಯ್ ಒಂದೇ, ಅಂದ್ರೆ ಹೂಂ. ಅದನ್ನ ನಾನು ಕಲ್ತಿದೀನಿ” ಎಂದರು.

ಆ ಊರಿನ ಹೆಸರು ಹೇಳಿದರೆ ನಿಮಗೆ ನೆನಪಿರುವುದಿಲ್ಲ, ನನಗೇ ಬಾಯಿಗೆ ಹತ್ತುವಷ್ಟರಲ್ಲಿ ಹೊರಡುವ ದಿನ ಬಂದಿತ್ತು. ಸುತ್ತ ಬೆಟ್ಟ, ಬೆಟ್ಟದ ತುಂಬ ಕಡ್ಡಿ ನೆಟ್ಟ ಹಾಗೆ ನೇರವಾದ ಮರ, ಕೆಳಗೆ ಹಗಲೂ ರಾತ್ರಿ ಸದ್ದು ಮಾಡುವ ಹೊಳೆ. ಊರಿಗೆ ಇರುವುದು ಒಂದೇ ಬೀದಿ. ಬೆಟ್ಟದ ಕಡೆಯಿಂದ ಬಸ್ ಸ್ಟಾಪಿನವರೆಗೆ ಒಂದು ತಿರುವೂ ಇಲ್ಲದೆ ನೇರವಾಗಿ ಇಳಿದುಬಿಟ್ಟಿದೆ. ಈ ಬೀದಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮನೆಗಳ ಸೂರಿನ ಕೆಳಗೆ ಸಿಪ್ಪೆ ಸುಲಿದ ಕಿತ್ತಳೆ ಬಣ್ಣದ ಹಣ್ಣುಗಳನ್ನು ದಾರಕ್ಕೆ ಪೋಣಿಸಿ ಒಣಹಾಕಿರುತ್ತಾರೆ. ಕಾಗೆ ಓಡಿಸಲು ಕೋಲು ಹಿಡಿದುಕೊಂಡು ಯಾರೂ ಕುಳಿತಿಲ್ಲವಲ್ಲ ಎಂದು ನನಗೆ ಅದನ್ನು ನೋಡಿದಾಗಲೆಲ್ಲ ಜೀವ ತಳಮಳಿಸುತ್ತಿತ್ತು. ಅಲ್ಲಿಯ ಬಚ್ಚಲಿನ ಬಗ್ಗೆ, ಊಟದ ಬಗ್ಗೆ, ಸ್ವಚ್ಛತೆಯ ಬಗ್ಗೆ ಜಪಾನಿಗೆ ಹೋಗಿಬಂದವರು ನಿಮಗೆ ಆಗಲೇ ಹೇಳಿ ಸುಸ್ತು ಮಾಡಿರುತ್ತಾರೆ, ನಾನು ಹೇಳುವುದಿಲ್ಲ. ಒಂದನ್ನು ಮಾತ್ರ ಹೇಳದೆ ಇರಲಾರೆ. ಅಲ್ಲಿ ಅಕ್ಕಿಯನ್ನು ಕುಟ್ಟಿ ಮಾಡಿದ ಬೆಳ್ಳಗಿನ ಒಂದು ಮುದ್ದೆ ಕೊಡುತ್ತಾರೆ. ನಮ್ಮ ಯಜಮಾನರು ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿ ಬೆಳೆದವರು. ಮುದ್ದೆಯನ್ನು ಅಗಿಯುವುದು ಅವರ ಪ್ರಕಾರ ಅವಮಾನ. ಸಾರಿನಲ್ಲಿ ಅದ್ದಿ ಒಂದೇ ಸಲಕ್ಕೆ ನುಂಗಲು ಹೋದರು. ಅದು ರಾಗಿ ಅಲ್ಲ, ಗಂಟಲಲ್ಲಿ ನಿಂತು ಸತ್ಯಾಗ್ರಹ ಮಾಡಿತು. ಬೆನ್ನಿಗೆ ನಾನು ಗುದ್ದಿದ ಗುದ್ದು ಅವತ್ತಿನ ಗುದ್ದಲ್ಲ, ಮಂಡಿ ಮೊಹಲ್ಲಾದ ದಿನದಿಂದ ಉಳಿಸಿಕೊಂಡಿದ್ದದ್ದು.

ನಾವು ಉಳಿದುಕೊಂಡಿದ್ದು ಬೀದಿಯ ಮೇಲ್ತುದಿಯಲ್ಲಿ, ಫುಮಿಕೊ ಎಂಬ ಅಜ್ಜಿ ಒಬ್ಬರೇ ನಡೆಸುತ್ತಿದ್ದ ಊಟ ವಸತಿಯ ಮನೆಯಲ್ಲಿ. ನನ್ನ ಭುಜಕ್ಕೆ ಬರುವಷ್ಟು ಎತ್ತರ, ಸದಾ ನೀಲಿ ಏಪ್ರನ್, ಸದಾ ಒದ್ದೆ ಕೈ. ಯಜಮಾನರು ಬೆಳಗ್ಗೆ ಕಾರ್ಖಾನೆಗೆ ಹೋದ ಮೇಲೆ ನಾವಿಬ್ಬರೇ. ಆಕೆಗೆ ಕನ್ನಡ ಬಾರದು, ನನಗೆ ಜಪಾನಿ ಬಾರದು, ಆದರೂ ನಮ್ಮ ಮಾತು ನಿಲ್ಲುತ್ತಿರಲಿಲ್ಲ. ತೀರಾ ಬೇಕಾದಾಗ ಮೊಬೈಲಿಗೆ ಹೇಳಿದರೆ ಅದು ಅನುವಾದ ಮಾಡುತ್ತಿತ್ತು, ಅದರ ಕನ್ನಡಕ್ಕಿಂತ ಅಜ್ಜಿಯ ಜಪಾನಿಯೇ ನನಗೆ ಬೇಗ ಅರ್ಥವಾಗುತ್ತಿತ್ತು. ಮೊದಲ ದಿನ ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬಿ ಕೊಟ್ಟೆ. ಮಾರನೆಯ ದಿನ ಡಬ್ಬಿ ಮೂಲಂಗಿ ಉಪ್ಪಿನಕಾಯಿ ತುಂಬಿಕೊಂಡು ವಾಪಸ್ ಬಂತು. ಖಾಲಿ ಡಬ್ಬಿ ಕೊಡುವ ಜಾತಿ ನಾನೂ ಅಲ್ಲ, ಕೋಡುಬಳೆ ತುಂಬಿ ಕೊಟ್ಟೆ. ಹುರುಳಿಯಂಥ ಯಾವುದೋ ಸಿಹಿ ಕಾಳು ತುಂಬಿಕೊಂಡು ಬಂತು. ಸೋಲುವ ಹೆಂಗಸಲ್ಲ ಈಕೆ ಎಂದು ನನಗೆ ಆಗಲೇ ಗೊತ್ತಾಯಿತು.

ಎಲ್ಲಕ್ಕಿಂತ ದೊಡ್ಡ ಸುಖವೆಂದರೆ ಬಾಗಿಲ ಮಾತು. ನಾನು ಹೊಳೆ ನೋಡಲು ಹೊರಟು ಹೊಸ್ತಿಲ ಹತ್ತಿರ “ಇತ್ತೆಕಿಮಾಸು” ಎಂದರೆ ಸಾಕು, ಫುಮಿಕೊ ಅಜ್ಜಿ ಏನು ಮಾಡುತ್ತಿದ್ದರೂ ಬಿಟ್ಟು, ಕೈ ಒರೆಸಿಕೊಂಡು ಓಡಿಬಂದು, ಬಾಗಿಲಲ್ಲಿ ಮಂಡಿಯೂರಿ “ಇತ್ತೆರಾಶ್ಶಾಯ್” ಎನ್ನುತ್ತಿದ್ದರು. ವಾಪಸ್ ಬಂದು “ತದಾಯ್ಮಾ”, ಈಗ ಬಂದೆ, ಎಂದರೆ, “ಒಕಾಯೆರಿ”, ಬಂದ್ರಾ, ಎಂದು ಮತ್ತೆ ಓಡಿಬರುತ್ತಿದ್ದರು. ಈ ಸುಖಕ್ಕಾಗಿಯೇ ನಾನು ಕೆಲಸವಿಲ್ಲದಿದ್ದರೂ ದಿನಕ್ಕೆ ಹಲವು ಸಲ ಹೊರಗೆ ಹೋಗಿ ಬರತೊಡಗಿದೆ. ಹೋಗುವವರನ್ನು ಇಷ್ಟು ಗಂಭೀರವಾಗಿ ಕಳಿಸಿಕೊಡುವ ಜನ ಭೂಮಿಯ ಮೇಲೆ ನನ್ನನ್ನು ಬಿಟ್ಟು ಇನ್ನೊಬ್ಬರಿದ್ದಾರೆ ಎಂದು ಗೊತ್ತಾದಾಗ ಕಣ್ಣಲ್ಲಿ ನೀರು ಬಂದಿದ್ದು ಸುಳ್ಳಲ್ಲ.

ಹೊರಡುವ ದಿನ ಬಂತು. ಮಧ್ಯಾಹ್ನಕ್ಕೆ ಮುಂಚೆ ಒಂದು ಬಸ್ಸು. ಅದು ಹೋದರೆ ದೊಡ್ಡ ಊರಿನ ರೈಲು ಸಿಗುವುದು ಮಾರನೆಯ ದಿನವೇ. ವಿಮಾನ ಇದ್ದದ್ದು ಇನ್ನೂ ಒಂದು ದಿನ ಬಿಟ್ಟು. ನಮ್ಮ ಯಜಮಾನರು ಯಾವ ಪ್ರಯಾಣಕ್ಕೂ ಒಂದು ದಿನ ಕೈಯಲ್ಲಿ ಇಟ್ಟುಕೊಂಡೇ ಹೊರಡುವವರು. ಆದರೆ ಷರತ್ತು ವಿಮಾನದ್ದಲ್ಲ, ಬಸ್ಸಿನದು. ನಾನು ಬುದ್ಧಿವಂತಿಕೆ ಮಾಡಿ ಎಲ್ಲ ಶಾಸ್ತ್ರವನ್ನೂ ಹಿಂದಿನ ಸಂಜೆಯೇ ಮುಗಿಸಿಬಿಟ್ಟಿದ್ದೆ. ಅಜ್ಜಿಗೆ ಅರಿಶಿನ ಕುಂಕುಮ ಕೊಟ್ಟು, ಮೈಸೂರಿನಿಂದ ತಂದಿದ್ದ ಗಂಧದ ಕಡ್ಡಿಯ ಕಟ್ಟು ಕೊಟ್ಟು, ನಮಸ್ಕಾರವನ್ನೂ ಮಾಡಿಯಾಗಿತ್ತು. ಆಕೆಯೂ ಡಬ್ಬಿಗೆ ಒಣಹಣ್ಣು ತುಂಬಿಕೊಟ್ಟಿದ್ದರು. ಬೆಳಗ್ಗೆ ಏನೂ ಬಾಕಿ ಇರಲಿಲ್ಲ. ಯಜಮಾನರು ಎರಡೂ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತು, ಹಾರ್ನ್ ಇಲ್ಲದ ಕಡೆ ಗಂಟಲನ್ನೇ ಸರಿಮಾಡಿಕೊಳ್ಳುತ್ತಿದ್ದರು. ನಾನು ಶೂ ಹಾಕಿದೆ, ತಿರುಗಿದೆ, ಕೈ ಮುಗಿದೆ, “ಇತ್ತೆಕಿಮಾಸು” ಎಂದೆ. ಅಷ್ಟೇ. ಅಜ್ಜಿ ಯಾಕೋ ಒಂದು ಕ್ಷಣ ಸೂಟ್‌ಕೇಸುಗಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮುಖ ಅರಳಿಸಿ “ಇತ್ತೆರಾಶ್ಶಾಯ್!” ಎಂದರು. ನಾನು ಹೊಸ್ತಿಲು ದಾಟಿ ನಡೆದೇಬಿಟ್ಟೆ. ಯಜಮಾನರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಬದುಕಿನಲ್ಲಿ ಮೊದಲ ಸಲ ನಾನು ಅವರಿಗಿಂತ ಮುಂದೆ ನಡೆಯುತ್ತಿದ್ದೆ.

ಸ್ವಲ್ಪ ದೂರ ಇಳಿದ ಮೇಲೆ ಹಿಂದೆ ಸೂಟ್‌ಕೇಸಿನ ಗಾಲಿಗಳ ಸದ್ದು ನಿಂತಿತು. ತಿರುಗಿದರೆ, ಫುಮಿಕೊ ಅಜ್ಜಿ ಬಾಗಿಲ ಮುಂದೆ ಬೀದಿಗೆ ಬಂದು ನಿಂತು, ನಮ್ಮ ಕಡೆಗೆ ಸೊಂಟ ಬಗ್ಗಿಸಿ ವಂದಿಸುತ್ತಿದ್ದಾರೆ. ಅತಿಥಿ ಕಣ್ಣಿಗೆ ಮರೆಯಾಗುವವರೆಗೆ ನಿಂತು ವಂದಿಸುವುದು ಅಲ್ಲಿಯ ಪದ್ಧತಿ. ಅದಕ್ಕೆ ಪ್ರತಿಯಾಗಿ ನಮ್ಮ ಯಜಮಾನರು ಸೂಟ್‌ಕೇಸುಗಳನ್ನು ನಿಲ್ಲಿಸಿ, ಕಾರ್ಖಾನೆಯಲ್ಲಿ ಕಲಿತ ಹಾಗೆ ತೊಡೆಯ ಮೇಲೆ ಕೈಯಿಟ್ಟು ಬಗ್ಗಿದ್ದಾರೆ. ಸರಿ, ಬಗ್ಗಿ ಬರಲಿ ಎಂದು ನಾನು ಮುಂದೆ ನಡೆದೆ. ಮತ್ತೆ ಗಾಲಿಯ ಸದ್ದು ಬಂತು, ಮತ್ತೆ ನಿಂತಿತು. ನೋಡಿದರೆ ಅಜ್ಜಿ ಇನ್ನೂ ನಿಂತಿದ್ದಾರೆ, ಇವರು ಇನ್ನೂ ಬಗ್ಗುತ್ತಿದ್ದಾರೆ. ಇವರು ಬಗ್ಗಿದ್ದನ್ನು ಕಂಡು ಅಜ್ಜಿ ಮತ್ತೆ ಬಗ್ಗಿದರು. ಅಜ್ಜಿ ಬಗ್ಗಿದರಲ್ಲ ಎಂದು ಇವರು ಇನ್ನೊಮ್ಮೆ ಬಗ್ಗಿದರು. ತಿರುವಿದ್ದಿದ್ದರೆ ಎಲ್ಲಾದರೂ ಒಂದು ಕಡೆ ಇದು ಮುಗಿಯುತ್ತಿತ್ತು. ಆದರೆ ಬೀದಿ ನೇರ, ಅಜ್ಜಿ ನಿಂತಿದ್ದದ್ದು ಎತ್ತರದಲ್ಲಿ. ಎಷ್ಟು ಇಳಿದರೂ ಅವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುತ್ತಾರೆ.

“ರೀ, ಬನ್ರೀ!” ಎಂದು ಕೂಗಿದೆ. ಆ ಮಾತು ನನ್ನ ಬಾಯಿಂದ ಬಂದಿದ್ದಕ್ಕೆ ನನಗೇ ಆಶ್ಚರ್ಯವಾಯಿತು.

“ಬಂದೆ ಬಂದೆ” ಎಂದು ನಾಲ್ಕು ಹೆಜ್ಜೆ ಓಡಿಬಂದು ಮತ್ತೆ ತಿರುಗಿ ಬಗ್ಗಿದರು. ಈ ಸಲ ಬಗ್ಗುವ ರಭಸಕ್ಕೆ ಒಂದು ಸೂಟ್‌ಕೇಸು ಕೈತಪ್ಪಿ, ಇಳಿಜಾರಿನಲ್ಲಿ ತಾನೇ ಬಸ್ ಸ್ಟಾಪಿಗೆ ಹೊರಟಿತು. ನಾನು ಓಡಿಹೋಗಿ ಅದನ್ನು ಹಿಡಿದುಕೊಂಡೆ. ಅದೇ ಹೊತ್ತಿಗೆ ಪುಟ್ಟ ಬಸ್ಸು ಬಂದು ನಿಂತಿತು. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಬಿಳಿ ಕೈಗವಸಿನ ಡ್ರೈವರಿಗೆ ನಮ್ಮ ಯಜಮಾನರನ್ನು ತೋರಿಸಿ, ಹಾರ್ನ್ ಹೊಡೆಯುವಂತೆ ಕೈಸನ್ನೆ ಮಾಡಿ ‘ಪೀಂ ಪೀಂ’ ಎಂದು ಬಾಯಲ್ಲೂ ಹೇಳಿದೆ. ಅವರಿಗೆ ಅದು ಎಷ್ಟು ಅಸಭ್ಯವಾಗಿ ಕಂಡಿತೋ, ಮುಖ ಕೆಂಪಗೆ ಮಾಡಿಕೊಂಡರು. ಗಡಿಯಾರ ನೋಡಿದರು. ನಾನು ಕಾಲು ಕೆಳಗಿಟ್ಟೆ. ತುಂಬ ನೊಂದುಕೊಂಡವರ ಹಾಗೆ ಡ್ರೈವರು ನನಗೂ ಒಂದು ಸಲ ಬಗ್ಗಿ, ಬಾಗಿಲು ಹಾಕಿಕೊಂಡು, ಸರಿಯಾದ ಸಮಯಕ್ಕೆ ಹೊರಟುಹೋದರು.

ಏದುಸಿರು ಬಿಡುತ್ತಾ ಯಜಮಾನರು ಬಂದು ಸೇರಿದರು. ಬಸ್ಸಿನ ಹಿಂಭಾಗ ಬೆಟ್ಟದ ಮಗ್ಗುಲಲ್ಲಿ ಮರೆಯಾಯಿತು. ಇಂಥ ಸಮಯದಲ್ಲಿ ಮಾತಾಡಬಾರದು ಎಂಬುದನ್ನು ನಾನು ಅವರ ಹಾರ್ನಿನಿಂದಲೇ ಕಲಿತಿದ್ದೆ. ಸುಮ್ಮನೆ ಅವರ ಮುಖ ನೋಡಿದೆ.

“ಏನ್ ನೋಡ್ತೀಯ?” ಎಂದರು. “ಹಿರಿಯರು ಬೀದೀಲಿ ನಿಂತ್ಕೊಂಡು ನಮಸ್ಕಾರ ಮಾಡ್ತಾವ್ರೆ. ಬೆನ್ನು ತೋರಿಸ್ಕೊಂಡು ಹೊಂಟೋಗಕ್ಕಾಗ್ತದೇನೇ? ನಾವೇನು ಮನುಷ್ಯರಲ್ವಾ?”

ಈ ಒಂದು ಮಾತಿಗಾಗಿ ನಾನು ಇಷ್ಟು ವರ್ಷ ಎಷ್ಟೋ ಗೇಟುಗಳ ಹತ್ತಿರ ಕಾದಿದ್ದೆ! “ಇನ್ನೊಂದ್ಸಲ ಹೇಳ್ರಿ” ಎಂದೆ. ಅವರು ಹೇಳಲಿಲ್ಲ. ಹೇಳದಿದ್ದರೂ ಬೆಟ್ಟಗಳಿಗೆ ಕೇಳಿಸಿಯಾಗಿತ್ತು, ಹೊಳೆಗೆ ಕೇಳಿಸಿಯಾಗಿತ್ತು. ಬಸ್ಸು ತಪ್ಪಿದ್ದು ನಿಜ, ತಪ್ಪಿದ್ದು ಬೀಳ್ಕೊಡುಗೆಯಿಂದಲೇ ನಿಜ, ಆದರೆ ಆ ಬೀಳ್ಕೊಡುಗೆ ನನ್ನದಲ್ಲ. ಹಿನಕಲ್ಲಿನ ನಾಗರಾಜು ಅವರದು. ಸೂಟ್‌ಕೇಸ್ ಎಳೆದುಕೊಂಡು ಆ ಏರನ್ನು ವಾಪಸ್ ಹತ್ತುವಾಗ ನನಗೆ ದಸರೆಯ ಆನೆಯ ಮೇಲೆ ಕುಳಿತ ಹಾಗಿತ್ತು.

ಮನೆ ತಲುಪಿದರೆ ಅಜ್ಜಿ ಒಳಗೆ ಹೋಗಿಯಾಗಿತ್ತು. ಈಗ ಇವರಿಗೆ ಏನೆಂದು ಹೇಳುವುದು, ಕೋಣೆಗೆ ಬೇರೆ ಯಾರಾದರೂ ಬರುವವರಿದ್ದರೆ ಏನು ಗತಿ ಎಂದು ಇಬ್ಬರಿಗೂ ಸಂಕೋಚ. ನಾನು ಬಾಗಿಲು ಸರಿಸಿ, ಬೇರೆ ಮಾತು ಗೊತ್ತಿಲ್ಲದೆ “ತದಾಯ್ಮಾ” ಎಂದೆ. ಒಳಗಿನಿಂದ “ಒಕಾಯೆರಿ!” ಎಂದು ಎಂದಿನ ಹಾಗೆ ಓಡಿಬಂದರು. ಆಶ್ಚರ್ಯವಿಲ್ಲ, ಗಾಬರಿಯಿಲ್ಲ. ಒಳಗೆ ಹೋಗಿ ನೋಡಿದರೆ ಹಾಸಿಗೆ ತೆಗೆದಿಲ್ಲ, ಮೇಜಿನ ಮೇಲೆ ಮೂರು ಬಟ್ಟಲು ಬೋರಲು ಹಾಕಿದೆ, ಒಲೆಯ ಮೇಲೆ ಅನ್ನಕ್ಕೆ ಇಟ್ಟಿದೆ. ನಾವು ಮುಖ ಮುಖ ನೋಡಿಕೊಂಡೆವು. ಮೊಬೈಲ್ ತೆಗೆದು ಕೇಳಿದೆ. ಅಜ್ಜಿ ಅದಕ್ಕೆ ಉದ್ದಕ್ಕೆ ಏನೋ ಹೇಳಿದರು. ಮೊಬೈಲು ಮೊದಲು “ನಿಮ್ಮ ಮರಳುವಿಕೆಯಿಂದ ಅನ್ನವು ಸಂತೋಷಗೊಂಡಿದೆ” ಎಂದಿತು. ಎರಡನೆಯ ಸಲ ಕೇಳಿದಾಗ ವಿಷಯ ತಿಳಿಯಿತು.

ಇತ್ತೆಕಿಮಾಸು ಎಂದು ಹೇಳುವುದು ಅದೇ ಮನೆಗೆ ವಾಪಸ್ ಬರುವವರು ಮಾತ್ರವಂತೆ. ಬಿಟ್ಟು ಹೋಗುವವರು ‘ನಿಮ್ಮಿಂದ ಉಪಕಾರವಾಯಿತು’ ಎಂದು ಬೇರೆಯೇ ಒಂದು ಮಾತು ಹೇಳುತ್ತಾರಂತೆ. ನಾನು ‘ಹೋಗಿಬರ್ತೀನಿ’ ಎಂದೆನಲ್ಲ, ಅದಕ್ಕೇ ಆಕೆ, ಇವರು ಹೊರಡುವ ದಿನ ಮುಂದೆ ಹೋಗಿದೆ, ಬಸ್ಸಿನಲ್ಲಿ ಎಲ್ಲೋ ಹೋಗಿ ಬರುತ್ತಾರೆ ಎಂದುಕೊಂಡು ಅಕ್ಕಿ ತೊಳೆದು ಇಟ್ಟಿದ್ದರು. ಊರು ನೋಡಿಬರಲು ಸೂಟ್‌ಕೇಸು ಯಾಕೆ ಎಂದು ಅನಿಸಿತಂತೆ. ಆದರೆ ಹಾಗೆಲ್ಲ ಕೇಳುವುದು ಮರ್ಯಾದೆಯಲ್ಲ, ಇಂಡಿಯಾದವರು ಹೊರಗೆ ಹೋಗುವಾಗ ಪೆಟ್ಟಿಗೆ ಒಯ್ಯುವ ಪದ್ಧತಿ ಇರಬಹುದು ಎಂದು ಸುಮ್ಮನಾದರಂತೆ.

ನಾನು ಮೊಬೈಲಿಗೆ ನಮ್ಮ ಪದ್ಧತಿ ಹೇಳಿದೆ. ನಮ್ಮಲ್ಲಿ ಹಾಲಿನವನೂ ಹೋಗಿಬರ್ತೀನಿ ಎನ್ನುತ್ತಾನೆ, ಮದುವೆಯಾಗಿ ದೂರದೂರಿಗೆ ಹೋಗುವ ಮಗಳೂ ಹೋಗಿಬರ್ತೀನಿ ಎನ್ನುತ್ತಾಳೆ, ಇನ್ನು ಜನ್ಮದಲ್ಲಿ ಮುಖ ನೋಡುವುದಿಲ್ಲ ಎಂದು ಜಗಳವಾಡಿದವರೂ ಹೊಸ್ತಿಲು ದಾಟುವಾಗ ಹಾಗೆಯೇ ಎನ್ನುತ್ತಾರೆ, ಬರೀ ‘ಹೋಗ್ತೀನಿ’ ಎನ್ನುವಂತೆಯೇ ಇಲ್ಲ ಎಂದೆ. ಅಜ್ಜಿ ಅದನ್ನು ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಮೆಲ್ಲಗೆ ಏನೋ ಹೇಳಿದರು. ಈ ಸಲ ಮೊಬೈಲು ಒಂದೇಟಿಗೆ ಸರಿಯಾಗಿ ಹೇಳಿತು: “ಹಾಗಾದರೆ ನಿಮ್ಮ ಊರಿನಲ್ಲಿ ಯಾರೂ ಪೂರ್ತಿಯಾಗಿ ಹೋಗುವುದಿಲ್ಲ.”

ಆ ಬೀದಿಯಲ್ಲಿ ಬೀಗ ಹಾಕಿದ ಅಂಗಡಿಗಳೇ ಹೆಚ್ಚು, ಮನೆಗಳಲ್ಲಿ ದೀಪಕ್ಕಿಂತ ಕತ್ತಲೆಯೇ ಹೆಚ್ಚು. ಅಲ್ಲಿಂದ ಪೂರ್ತಿಯಾಗಿ ಹೋದವರು ಎಷ್ಟು ಜನವೋ. “ಇಲ್ಲ, ಯಾರೂ ಹೋಗಲ್ಲ” ಎಂದು ಆಕೆಯ ಒದ್ದೆ ಕೈ ಹಿಡಿದುಕೊಂಡೆ.

“ಅದೇ ಕಣಮ್ಮ ನಮ್ಮ ಕಷ್ಟ” ಎಂದರು ಯಜಮಾನರು, ಬಟ್ಟಲು ನೆಟ್ಟಗೆ ಮಾಡಿಕೊಂಡು ಕೂರುತ್ತಾ.

ಮಾರನೆಯ ದಿನ ಅಜ್ಜಿ ಒಂದು ಉಪಾಯ ಮಾಡಿದರು. ಬಾಗಿಲಲ್ಲಿ ನಿಂತರೆ ತಾನೇ ಈ ಗಂಡಸು ತಿರುಗಿ ತಿರುಗಿ ನೋಡುವುದು ಎಂದು, ಬಾಗಿಲು ಎಳೆದುಕೊಂಡು ತಾವೇ ನಮ್ಮ ಜೊತೆ ಬಸ್ ಸ್ಟಾಪಿನವರೆಗೆ ಬಂದರು. ನಾನು ಸ್ಟೀಲ್ ಡಬ್ಬಿಯನ್ನು ಬೇಕೆಂದೇ ಅವರ ಅಡುಗೆಮನೆಯ ಹಲಗೆಯ ಮೇಲೆ ಬಿಟ್ಟುಬಂದಿದ್ದೆ, ಕೊನೆಯ ಕೋಡುಬಳೆ ತುಂಬಿ. ಈಗ ತುಂಬಿ ಕೊಡುವ ಸರದಿ ಅವರದು. ಬಸ್ಸು ಬಂತು. ಅದೇ ಡ್ರೈವರು, ನನ್ನನ್ನು ನೋಡಿದ ಕೂಡಲೆ ಸ್ಟಿಯರಿಂಗಿನ ನಡುವೆ ಕೈ ಅಡ್ಡ ಇಟ್ಟುಕೊಂಡರು. ನಾನು ಮೆಟ್ಟಿಲ ಮೇಲೆ ನಿಂತು, ಅರ್ಥ ಗೊತ್ತಿದ್ದೂ, “ಇತ್ತೆಕಿಮಾಸು” ಎಂದೆ. ಅಜ್ಜಿಯೂ ಅರ್ಥ ಗೊತ್ತಿದ್ದೂ “ಇತ್ತೆರಾಶ್ಶಾಯ್” ಎಂದರು. ಬಸ್ಸು ತಿರುವು ದಾಟುವವರೆಗೆ ಆಕೆ ಬಗ್ಗಿದರು, ಹಿಂದಿನ ಸೀಟಿನಲ್ಲಿ ಗಾಜಿಗೆ ಹಣೆ ಬಡಿಸಿಕೊಳ್ಳುತ್ತಾ ನಮ್ಮ ಯಜಮಾನರೂ ಬಗ್ಗಿದರು. ಆಮೇಲೆ ನಮಗೆ ಯಾವುದೂ ತಪ್ಪಲಿಲ್ಲ, ರೈಲೂ ಸಿಕ್ಕಿತು, ವಿಮಾನವೂ ಸಿಕ್ಕಿತು.

ಗೆದ್ದವಳಿಗೆ ಸಿಗಬೇಕಾದದ್ದು ನನಗೆ ಸಿಕ್ಕಿತು. ಮಾತಿಗೆ ತಪ್ಪುವವರಲ್ಲ ನಮ್ಮ ಯಜಮಾನರು. ವಾಪಸ್ ಬಂದ ಮೇಲೆ ಯಾರ ಗೇಟಿನ ಹತ್ತಿರವೂ ಹಾರ್ನ್ ಒತ್ತಿಲ್ಲ. ನೆಂಟರಲ್ಲಿ ಇದೊಂದು ದೊಡ್ಡ ಸುದ್ದಿಯಾಯಿತು. ಸ್ಕೂಟರ್ ಕೆಟ್ಟಿದೆಯೇ ಎಂದು ಕೇಳಿದವರಿದ್ದಾರೆ. ನಾನು ಜಪಾನಿನ ಕಥೆಯನ್ನು ಪ್ರತಿಯೊಂದು ಗೇಟಿನಲ್ಲೂ ನಿಂತು, ಒಂದು ಬಗ್ಗುವಿಕೆಯನ್ನೂ ಬಿಡದೆ ಹೇಳಿದೆ. ಅವರು ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ನಿಂತಿರುತ್ತಿದ್ದರು. ಇಂಥ ಸುಖದ ದಿನಗಳನ್ನು ನಾನು ಕಂಡಿರಲಿಲ್ಲ.

ಹೋದ ಭಾನುವಾರ ಮಂಡಿ ಮೊಹಲ್ಲಾದ ಚಿಕ್ಕವ್ವನ ಮನೆಗೆ ಹೋಗಿದ್ದೆವು. ಅವತ್ತು ಯಾಕೋ ನನಗೆ ಬೇಗ ಹೊರಡಬೇಕಿತ್ತು. ದೋಸೆಗೆ ರುಬ್ಬಲು ಅಕ್ಕಿ ನೆನೆಹಾಕಿ ಬಂದಿದ್ದೆ, ಬಟ್ಟೆ ಒಣಹಾಕಿದ್ದೆ, ಮೋಡ ಬೇರೆ ಕಟ್ಟಿಕೊಂಡು ಬರುತ್ತಿತ್ತು. ಒಂದೇ ‘ಸರಿ’ಗೆ ಎದ್ದು, ಕುಂಕುಮ ಇಟ್ಟುಕೊಂಡು, ಹೋಗಿಬರ್ತೀನಿ ಚಿಕ್ಕವ್ವ ಎಂದು ಸ್ಕೂಟರಿನ ಹತ್ತಿರ ಬಂದು ನಿಂತೆ. ಯಜಮಾನರು ಬರಲಿಲ್ಲ. ನೋಡಿದರೆ ಗೇಟಿನ ಮೇಲೆ ಕೈಯಿಟ್ಟುಕೊಂಡು ಚಿಕ್ಕವ್ವನ ಜೊತೆ ಮಾತಾಡುತ್ತಿದ್ದಾರೆ.

“ಅದೇನ್ ಅವಸರ ಕಣೇ ನಿಂದು?” ಎಂದು ನನ್ನ ಕಡೆ ಕೀಲಿಕೈ ಎಸೆದರು. “ಹಿರಿಯರು ನಿಂತವ್ರೆ. ನೀನು ಗಾಡಿ ಆನ್ ಮಾಡಿರು, ಬಂದ್ಬುಡ್ತೀನಿ.” ಆಮೇಲೆ ಚಿಕ್ಕವ್ವನ ಕಡೆ ತಿರುಗಿ, “ಆಮೇಲೇನಾಯ್ತು ಚಿಕ್ಕವ್ವ, ಆ ಬೆಲ್ಲದೋನ ತಮ್ಮನ ಕಥೆ?” ಎಂದರು.

ಬೆಲ್ಲದವನ ತಮ್ಮನ ಕಥೆ ಮುಗಿಯಿತು, ಅವನ ಮಾವನ ಕಥೆ ಶುರುವಾಯಿತು. ಮೂಗಿನ ಮೇಲೆ ಒಂದು ಹನಿ ಬಿತ್ತು. ತಂತಿಯ ಮೇಲಿನ ಬಟ್ಟೆಗಳು ಕಣ್ಣಿಗೆ ಕಟ್ಟಿದವು. ಕೀಲಿಕೈ ತಿರುಗಿಸಿದೆ. ಆಮೇಲೆ ಆದದ್ದಕ್ಕೆ ನಾನು ಜವಾಬ್ದಾರಳಲ್ಲ, ಕೈ ತಾನಾಗಿಯೇ ಹೋಯಿತು.

ಪೀಂ ಪೀಂ.

“ಯಾರೋ ನಾಗ ಅದು?” ಎಂದು ಚಿಕ್ಕವ್ವ ಗೇಟಿನಿಂದ ಕತ್ತು ಉದ್ದ ಮಾಡಿ ನೋಡಿದರು. “ನೀನು ಇಲ್ಲೇ ನಿಂತಿದೀಯಲ್ಲೋ, ಹಾರ್ನ್ ಯಾರ್ದೋ?”

ನಾನು ಪಕ್ಕದ ಮನೆಯ ಕಡೆ ನೋಡುತ್ತಾ ನಿಂತೆ.